ಜೀಪಿಲ್ಲದ ಮನೆಯ ಬಂಪರು

ನಾನು ಬೆಳೆದ ಮನೆಯ ಪಡಸಾಲೆಯಲ್ಲಿ, ದೇವರ ಜಗಲಿಯ ಎದುರಿನ ಗೋಡೆಗೆ, ಜೀಪಿನ ಬಂಪರೊಂದು ತೂಗುಬಿದ್ದಿತ್ತು. ಅವ್ವ ಅದರ ಮೇಲೆ ಒಗೆದ ಟವೆಲು ಹರವುತ್ತಿದ್ದಳು. ಮೂಲೆಯಲ್ಲಿ ಜೀಪಿನ ನೆತ್ತಿಯ ಮೇಲೆ ಕೂಡಿಸುವ ಕ್ಯಾರಿಯರ್ ಇತ್ತು. ಬೇಸಿಗೆಯಲ್ಲಿ ಅದು ಮಾಳಿಗೆ ಏರಿ ಶಾವಿಗೆ ಒಣಗಿಸುವ ಕೆಲಸಕ್ಕೆ ನಿಲ್ಲುತ್ತಿತ್ತು. ಕಾಲಿಟ್ಟು ಹತ್ತುವ ತಗಡಿನ ಹಲಗೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟುಕೊಂಡು ಅಪ್ಪನ ತಾಯಿ, ನಮ್ಮ ಆಯಿ, ಶೇಂಗಾ ಸುಲಿಯುತ್ತ ಕೂರುತ್ತಿದ್ದಳು. ಘೋಡಗೇರಿಗೆ ಬಂದ ಬೀಗರು ಇದನ್ನೆಲ್ಲ ನೋಡಿ, ಜೀಪು ಎಲ್ಲಿ ನಿಲ್ಲಿಸಿದ್ದೀರಿ ಎಂದು ಕೇಳುವುದು ವಾಡಿಕೆ. ಅವ್ವ ಚಹಾ ಇಡಲು ಎದ್ದು ಹೋಗುತ್ತಿದ್ದಳು. ಯಾಕೆಂದರೆ ಜೀಪು ನಮ್ಮದಾಗಿರಲಿಲ್ಲ. ಅದು ಗೋಡೆಯಾಚೆ, ಅಪ್ಪನ ತಮ್ಮ ಈರಪ್ಪ ಕಾಕಾನ ಅಂಗಳದಲ್ಲಿ ನಿಂತಿತ್ತು.

ಒಂದೇ ಮನೆ ಎರಡಾದದ್ದು ಅಜ್ಜ ತೀರಿಕೊಂಡ ಮೇಲೆ. ನಮ್ಮ ಕಡೆ ಪಾಲಿಗೆ ಒಂದು ರೀತಿ ಇದೆ. ಹಿರಿಯ ಮಗ ಪಾಲು ಮಾಡಬೇಕು, ಕಿರಿಯ ಮಗ ಮೊದಲು ಆರಿಸಬೇಕು. ಇದರಲ್ಲಿ ಮೋಸಕ್ಕೆ ಜಾಗವಿಲ್ಲ ಎಂದು ಊರ ಹಿರಿಯರು ಹೊಗಳುತ್ತಾರೆ. ಮೋಸಕ್ಕೆ ಜಾಗವಿಲ್ಲ ಖರೆ, ಆಸೆಗೂ ಜಾಗವಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ. ಹೊಲ, ಮನೆ ಸರಿಯಾಗಿ ಅರ್ಧವಾದವು. ಉಳಿದದ್ದನ್ನು ಅಪ್ಪ ಎರಡು ಗುಂಪು ಮಾಡಿದ. ಒಂದರಲ್ಲಿ ಎತ್ತಿನ ಜೋಡಿ, ಚಕ್ಕಡಿ, ಹಿತ್ತಾಳೆಯ ದೊಡ್ಡ ಹಂಡೆ. ಇನ್ನೊಂದರಲ್ಲಿ ಅಜ್ಜ ಯಾವುದೋ ಹರಾಜಿನಲ್ಲಿ ತಂದಿದ್ದ ಹಳೆಯ ಜೀಪು, ಅದೊಂದೇ. ಅಪ್ಪನ ಜೀವ ಆ ಜೀಪಿನಲ್ಲಿತ್ತು. ಹೊಲದ ಬಾವಿಗಳ ಮೋಟಾರು ಬಿಚ್ಚಿ ಕೂಡಿಸುವ ಕೈ ಅವನದು. ಆ ಜೀಪು ನಿಂತಾಗಲೆಲ್ಲ ಎಬ್ಬಿಸಿದವನು ಅವನೇ. ತಮ್ಮ ಅದನ್ನು ಆರಿಸಬಾರದೆಂದು ಪಾಲಿನ ಹಿಂದಿನ ದಿನ ಚಕ್ರದ ಗಾಳಿ ಬಿಟ್ಟ, ಬ್ಯಾಟರಿ ಕಿತ್ತಿಟ್ಟ, ಸೀಟಿನ ಮೇಲೆ ಜೋಳ ಚೆಲ್ಲಿ ಕೋಳಿಗಳನ್ನು ಒಳಗೆ ಬಿಟ್ಟ. ಮಾರನೆಯ ದಿನ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತಿದ್ದರು. ಕಾಕಾ ಎತ್ತಿನ ಬೆನ್ನು ಸವರಿದ. ಹಂಡೆ ಬಡಿದು ನೋಡಿದ. ಆಮೇಲೆ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟ.

“ನನಗ ಜೀಪ ಇರಲಿ,” ಎಂದ.

“ಅದರಾಗ ಏನೈತೋ ಈರಾ, ಕೋಳಿ ಹಿಕ್ಕಿ ಬಿಟ್ರ?” ಎಂದು ಅಪ್ಪ ನಗುವವನಂತೆ ಕೇಳಿದ.

“ಇರಲಿ ಬಿಡು. ಆರಸೂದು ನಂದಲ್ಲ?”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಬ್ಬದ ಅಡಿಗೆಯಂತಿದ್ದ ಆ ದಿನದ ಊಟವನ್ನು ಅಪ್ಪ ಮುಟ್ಟಲಿಲ್ಲ. ಇನ್ನು ನಿನ್ನ ಅಂಗಳ ತುಳಿಯುವುದಿಲ್ಲ ಎಂದಷ್ಟೇ ತಮ್ಮನಿಗೆ ಹೇಳಿ, ಮುಂದಿನ ವಾರವೇ ಅಂಗಳದ ನಡುವೆ ಗೋಡೆ ಎತ್ತಿಸಿದ. ಆಯಿ ಗೋಡೆ ಕಟ್ಟುವ ಗವಂಡಿಯ ಬಳಿ ನಿಂತು, ನನಗೆ ಎರಡೂ ಕಡೆ ಮುಖ ಕಾಣಬೇಕು ಎಂದು ಹಟ ಹಿಡಿದದ್ದರಿಂದ ಅದು ಎದೆಮಟ್ಟಕ್ಕೆ ನಿಂತಿತು. ಆಯಿಯ ಊಟ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅವರಲ್ಲಿ. ಹೀಗೆ ಪಾಳಿಯಲ್ಲಿ ತಿರುಗುವ ಆಯಿಯ ಬಾಯಿಂದ ಆ ಮನೆಯ ಸುದ್ದಿ ಈ ಮನೆಗೆ ಬೆಲ್ಲದ ಪಾಕದಂತೆ ಹರಿದು ಬರುತ್ತಿತ್ತು.

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಹೇಳಿಕೊಟ್ಟವರು ಗೋಡೆಯ ಈಚೆ ಬೆಳೆದವರಲ್ಲ. ಕಾಕಾನ ಮಗಳು ಶೋಭಾ ನನ್ನದೇ ಇಯತ್ತೆ. ಶಾಲೆ ಎಷ್ಟು ಹತ್ತಿರವೆಂದರೆ ನಮ್ಮ ಹಿತ್ತಿಲಲ್ಲಿ ನಿಂತರೆ ಗಂಟೆ ಕೇಳುತ್ತಿತ್ತು. ಆದರೂ ಕಾಕಾ ಅವಳನ್ನು ಜೀಪಿನಲ್ಲಿ ಕೂಡಿಸಿಕೊಂಡು ಹೋಗಿ ಬಾಗಿಲಲ್ಲಿ ಇಳಿಸುತ್ತಿದ್ದ. ನಾನು ನಡೆಯುತ್ತಿದ್ದೆ. ಜೀಪು ನನ್ನನ್ನು ದಾಟಿ ಹೋದ ಮೇಲೆ ಆ ಧೂಳು ಎಣ್ಣೆ ಹಚ್ಚಿದ ನನ್ನ ತಲೆಯ ಮೇಲೆ ಕೂರುತ್ತಿತ್ತು. ಬೆಲ್ಲದ ಬಾಗೇವಾಡಿಯ ಸಂತೆಗೆ ನಾವು ಬಸ್ಸಿನ ಬಾಗಿಲಿಗೆ ಜೋತುಬಿದ್ದು ಹೋದರೆ ಅವರು ಕಾಲು ಚಾಚಿ ಹೋಗುತ್ತಿದ್ದರು. ಶೋಭಾ ಕೆಟ್ಟ ಹುಡುಗಿಯಲ್ಲ, “ಬಾ ಮಾದೇವಿ, ಹತ್ತು” ಎಂದು ಕರೆಯುತ್ತಿದ್ದಳು. ಅದೇ ನನಗೆ ಹೆಚ್ಚು ಉರಿಯುತ್ತಿತ್ತು. ಕರೆಯದಿದ್ದರೆ ಬೈಯಬಹುದಿತ್ತು. ಅಪ್ಪನ ಮಾತು ನೆನೆದು ನಾನು ತಲೆ ತಿರುಗಿಸಿ ಹೊಲದ ಕಡೆ ನೋಡುತ್ತಿದ್ದೆ.

ಕಾಕಾ ಜೀಪಿಗೆ ಸಿಂಗಾರ ಶುರುಮಾಡಿದ್ದು ಆ ಮಳೆಗಾಲಕ್ಕೆ ಮುಂಚೆ. ಅವನಿಗೆ ನಟ್ಟು ಬಿಗಿಯುವ ಪಾನಾ ಹಿಡಿಯುವುದೇ ಗೊತ್ತಿರಲಿಲ್ಲ, ಆದರೆ ಮಾಡುವ ಹುಕಿ ಬಹಳ. ಮೊದಲು ಬಣ್ಣ. ಮನೆ ಒಂದಾಗಿದ್ದಾಗ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಳಿಯಲು ತಂದು ಉಳಿದಿದ್ದ ಹಸಿರು ಬಣ್ಣಕ್ಕೆ ಇನ್ನಷ್ಟು ಕೂಡಿಸಿಕೊಂಡು, ತುಕ್ಕು ತಿಕ್ಕದೆ, ಧೂಳು ಒರೆಸದೆ, ಬ್ರಷ್ಷಿನಿಂದ ಮೈತುಂಬ ಬಳಿದ. ಬ್ರಷ್ಷಿನ ಕೂದಲು ಬಣ್ಣದಲ್ಲೇ ಅಂಟಿ ನಿಂತವು. ಆಮೇಲೆ ಹಳೆಯ ಟ್ರ್ಯಾಕ್ಟರ್ ಟೈರನ್ನು ಕುಡಗೋಲಿನಿಂದ ಕೊಯ್ದು, ಕೆಸರು ಸಿಡಿಯದಂತೆ ಚಕ್ರಗಳ ಮೇಲೆ ಪಟ್ಟಿ ಕಟ್ಟಿದ. ಒಂದು ಪಟ್ಟಿ ಮೇಲೆ, ಒಂದು ಕೆಳಗೆ. ಇದೆಲ್ಲ ನಡೆಯುತ್ತಿದ್ದದ್ದು ಗೋಡೆಗೆ ಹತ್ತಿಯೇ. ಅಪ್ಪ ಈ ಕಡೆ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು, ಕಾಕಾ ತೂತು ಹೊಡೆಯುವ ಡ್ರಿಲ್ಲಿನ ಸದ್ದು ಕೇಳುತ್ತಿದ್ದ.

“ತೂತ ಎಡಕ್ಕ ಹೊಂಟೈತಿ,” ಎನ್ನುತ್ತಿದ್ದ. ಆಮೇಲೆ, “ಹೋತು. ಬಿಟ್ ಮುರೀತು.”

“ನಿಮಗ್ಯಾಕ್ರಿ ಊರ ಉಸಾಬರಿ?” ಅವ್ವ ಒಳಗಿನಿಂದ ಕೇಳುತ್ತಿದ್ದಳು.

“ತುಕ್ಕ ತಿಕ್ಕಲಾರದ ಬಣ್ಣಾ ಹಚ್ಯಾನ. ನೋಡತಿರು, ಒಂದ ಮಳಿಗೆ ಎದ್ದ ಬರತೈತಿ.”

ಊರಿಗೆಲ್ಲ ಬಿತ್ತನೆಗೆ ಮಳೆ ಬೇಕಿತ್ತು, ನಮ್ಮ ಮನೆಗೆ ಜೀಪಿನ ಬಣ್ಣ ಏಳಲು ಬೇಕಿತ್ತು. ಮಳೆ ಬಂದ ಮರುದಿನ ಮುಂಜಾನೆ ಆಯಿ ಸುದ್ದಿ ತಂದಳು, ಬಾನೆಟ್ಟಿನ ಮೇಲೆ ಹಪ್ಪಳದಂತೆ ಬಣ್ಣ ಎದ್ದಿದೆಯೆಂದು. ಅಪ್ಪ ಆ ದಿನ ಝುಣಕಾ ಹಚ್ಚಿಕೊಂಡು ಎರಡು ರೊಟ್ಟಿ ಹೆಚ್ಚು ತಿಂದ. ನನಗೂ ಅಷ್ಟೇ ಸಂತೋಷವಾಗಿತ್ತು. ಗೋಡೆಯ ಮೇಲೆ ಗಲ್ಲ ಊರಿ ನಿಂತು ಆ ಜೀಪಿನ ಒಂದೊಂದು ಕುಂದನ್ನೂ ಹುಡುಕುತ್ತಿದ್ದೆ. ಯಾವ ನಟ್ಟು ಸಡಿಲ, ಯಾವ ಪಟ್ಟಿ ಸೊಟ್ಟ, ಎಲ್ಲಿ ತುಕ್ಕು ಇಣುಕಿದೆ. ಇವತ್ತಿಗೂ ನಾನು ಒಬ್ಬರ ಮನೆಗೆ ಹೋದರೆ ಬಾಗಿಲ ತಿರುಗಣಿ ಮೊದಲು ಕಾಣುತ್ತದೆ, ಮನೆಯವರ ಮುಖ ಆಮೇಲೆ. ಕಣ್ಣಿಟ್ಟು ನೋಡುವುದನ್ನು ನನಗೆ ಕಲಿಸಿದ್ದು ಶಾಲೆಯಲ್ಲ, ಮತ್ಸರ.

ಕಾಕಾ ಮುಂದೆ ಒಂದು ಕಬ್ಬಿಣದ ಪಟ್ಟಿಯನ್ನು ಬಂಪರೆಂದು ಕಟ್ಟಿದ. ಅದು ಬೇಸರಾದ ಮನುಷ್ಯನ ಮೂತಿಯಂತೆ ಜೋತುಬಿದ್ದಿತು. ಅದನ್ನು ನೋಡಲಾಗದೆ ಅಪ್ಪ ಎದ್ದು ಗೋಕಾಕಿಗೆ ಹೋದ. ಸಂಜೆ ಗುಜರಿ ಅಂಗಡಿಯ ದಪ್ಪ ಪೈಪನ್ನು ಹೆಗಲ ಮೇಲೆ ಹೊತ್ತು ಬಂದ.

“ಎದಕ್ರಿ ಇದು?” ಎಂದಳು ಅವ್ವ.

“ಬಂಪರ್ ಮಾಡಾಕ.”

“ಯಾರ ಗಾಡಿಗೆ?”

ಅಪ್ಪ ನನ್ನನ್ನು ನೋಡಿದ. ನಾನು ಅಪ್ಪನನ್ನು ನೋಡಿದೆ. ಯಾರ ಗಾಡಿಗೂ ಅಲ್ಲ. ಹೇಗೆ ಮಾಡಬೇಕಿತ್ತೋ ಹಾಗೆ ಒಂದು ಇರಬೇಕು, ಅಷ್ಟೇ. ಪೈಪನ್ನು ಬರೀ ಬಗ್ಗಿಸಿದರೆ ನಡುವೆ ಚಪ್ಪಟೆಯಾಗುತ್ತದೆ, ಒಳಗೆ ಒಣ ಉಸುಕು ಗಿಡಿದು ಎರಡೂ ಬಾಯಿಗೆ ಬೆಣೆ ಬಡಿದು ಕಾಯಿಸಿದರೆ ಮಾತು ಕೇಳುತ್ತದೆ. ಹೊಳೆಯ ಉಸುಕನ್ನು ಅವ್ವನ ರೊಟ್ಟಿ ಹಂಚಿನ ಮೇಲೆ ಹುರಿದೆವು. ಬಚ್ಚಲ ಒಲೆಯಲ್ಲಿ ಪೈಪು ಕೆಂಪಾಯಿತು, ಅಪ್ಪ ಅದನ್ನು ಬೇವಿನ ಮರದ ಕವಲಿಗೆ ಸಿಕ್ಕಿಸಿ ಜಗ್ಗಿದ. ಒದ್ದೆ ಗೋಣಿಚೀಲ ಸುತ್ತಿದ ತಣ್ಣನೆಯ ತುದಿ ನನ್ನ ಕೈಯಲ್ಲಿ.

“ಹೆಬ್ಬಟ್ಟ ಹೊರಗಿರಲಿ ಮಾದೇವಿ. ಹೆಬ್ಬಟ್ಟ ಒಳಗ ಸಿಕ್ಕರ ಹೋತು. ಹಾಂ, ಹಂಗ. ನನ್ನವ್ವಾ, ಜೀಪಿನವರ ಮಗಳಿಗೆ ಇದು ಬರತೈತೇನು?”

ಬರುವುದಿಲ್ಲ ಎಂದು ನಾನು ಗೋಡೆಗೆ ಕೇಳುವಂತೆ ಕೂಗಿದೆ. ಮರುದಿನದ ರೊಟ್ಟಿಯಲ್ಲಿ ಉಸುಕು ಕರಕರ ಎಂದಿತು. ಅವ್ವ ಹಂಚನ್ನು ಅಂಗಳಕ್ಕೆ ಎಸೆದು, ಈ ಮನೆಯಲ್ಲಿ ನಾನಿರಬೇಕು ಇಲ್ಲ ಆ ಪೈಪಿರಬೇಕು ಎಂದಳು. ಇಬ್ಬರೂ ಉಳಿದರು. ಬಂಪರಿನ ಹಿಂದೆ ಕ್ಯಾರಿಯರ್ ಬಂತು, ಕಾಲಿಡುವ ಹಲಗೆ ಬಂತು. ಅಪ್ಪ ಅಳತೆಗೆ ಗೋಡೆಯಾಚೆ ಹೋಗಲಿಲ್ಲ. ಆ ಜೀಪಿನ ಮೈ ಅವನ ಮೊಳ, ಗೇಣುಗಳಲ್ಲೇ ಇತ್ತು. ಹೊಲದಿಂದ ಬಂದು ಕೈಕಾಲು ತೊಳೆದು ಅವನು ಕಬ್ಬಿಣ ಉಜ್ಜುವ ಕಾನಸ ಹಿಡಿದು ಕೂತರೆ ನಾನು ಎದುರು ಕೂರುತ್ತಿದ್ದೆ. ಕತ್ತಲಾಗಿ ಅವ್ವ ಉಣ್ಣಲು ಬೈದು ಕರೆಯುವವರೆಗೆ ಅಪ್ಪ ಬೇರೆ ಯಾರೊಂದಿಗೂ ಆಡದಷ್ಟು ಮಾತು ನನ್ನೊಂದಿಗೆ ಆಡುತ್ತಿದ್ದ.

ನವಮಿಯ ಆಯುಧ ಪೂಜೆಗೆ, ನಮ್ಮ ಕಡೆಯ ಖಂಡೆ ಪೂಜೆಗೆ, ಆಚೆ ಜೀಪಿಗೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿದರು. ನಾವು ಹೊಲದ ಕುಂಟೆ, ರಂಟೆಗಳ ಪಕ್ಕಕ್ಕೆ ಬಂಪರು ಇಳಿಸಿ, ಕ್ಯಾರಿಯರ್ ಇಟ್ಟು ಕುಂಕುಮ ಏರಿಸಿದೆವು. ಆರತಿ ಹಿಡಿದ ಅವ್ವನಿಗೆ ನಗು ತಡೆಯಲಾಗಲಿಲ್ಲ. ನಾನು ಮಾತ್ರ ಕಣ್ಣು ಮುಚ್ಚಿ, ದೇವರೇ ಆ ಜೀಪು ನಮಗೆ ಬರಲಿ, ಶೋಭಾ ನಡೆಯಲಿ ಎಂದು ಬೇಡಿಕೊಂಡೆ. ಎರಡೂ ಬೇಕಿದ್ದವು. ಬರೀ ಜೀಪು ಬಂದು ಅವಳು ಇನ್ನೊಂದು ಜೀಪು ಹತ್ತಿದರೆ ಏನು ಪ್ರಯೋಜನ?

ಮುಂದಿನ ಬೇಸಿಗೆ ಕಳೆಯುವ ಹೊತ್ತಿಗೆ ಉಳಿದಿದ್ದು ಹುಡ್ ಒಂದೇ, ಜೀಪಿನ ನೆತ್ತಿ ಮುಚ್ಚುವ ಬಟ್ಟೆಯ ಹೊದಿಕೆ. ಅದಕ್ಕೆ ದಪ್ಪ ಬಟ್ಟೆ ಹೊಲಿಯುವ ಮಿಷನ್ ಬೇಕು, ಆದ್ದರಿಂದ ಅಪ್ಪ ನನ್ನನ್ನು ಕರೆದುಕೊಂಡು ಮೂಡಲಗಿಯ ದಸ್ತಗೀರ ಮಾಮಾನ ಅಂಗಡಿಗೆ ಹೋದ. ಲಾರಿಗಳ ತಾಡಪತ್ರಿ, ಜೀಪಿನ ಹುಡ್ ಹೊಲಿಯುವುದು ಮಾಮಾನ ಮನೆತನದ ಕಸುಬು. ಅಜ್ಜನ ಕಾಲದಿಂದ ನಮ್ಮ ಮನೆಯವರನ್ನು ಬಲ್ಲವನು, ಆದರೆ ಮನೆ ಎರಡಾದದ್ದು ಅವನಿಗೆ ಗೊತ್ತಿರಲಿಲ್ಲ.

“ಗಾಡಿ ಎಲ್ಲೈತ್ರಿ ಬಾಳಪ್ಪಣ್ಣಾ?” ಎಂದು ಮಾಮಾ ಅಪ್ಪನನ್ನು ಕೇಳಿದ.

“ಮನ್ಯಾಗೈತಿ. ಅಳತಿ ನಾ ಹೇಳತೀನಿ, ಹಿಡಕೋ.”

“ಗಾಡಿ ಮ್ಯಾಲ ಎಳದ ನೋಡಲಾರದ ಹೊಲದ್ರ ಮೈಗೆ ಕುಂದ್ರಂಗಿಲ್ರಿ.”

“ಕುಂದರತೈತಿ. ನೀ ಹಿಡಕೋ.”

ಅಪ್ಪ ಕಣ್ಣು ಮುಚ್ಚಿ ಗಾಳಿಯಲ್ಲಿ ಮೊಳ ಹಾಕಿದ. ಮಾಮಾ ಹಗ್ಗಕ್ಕೆ ಗಂಟು ಹಾಕುತ್ತ ಹೋದ. ಖಾಕಿ ಬಟ್ಟೆ, ಅಂಚಿಗೆ ಕೆಂಪು ಪಟ್ಟಿ, ಅದು ನನ್ನ ಆಯ್ಕೆ. ಇನ್ನೊಂದನ್ನೂ ನಾನೇ ಕೇಳಿದೆ. ಹಿಂಭಾಗದ ಪರದೆಯಲ್ಲಿ ದುಂಡಗಿನ ಒಂದು ಕಿಟಕಿ, ಆರಪಾರ ಕಾಣುವ ಪ್ಲಾಸ್ಟಿಕ್ಕಿನದು. ಯಾಕೆ ಎಂದು ಮಾಮಾ ನಗುತ್ತ ಕೇಳಿದ. ಹಿಂದೆ ಬರುವವರನ್ನು ನೋಡಲು ಎಂದೆ. ಯಾರನ್ನು ಎಂದು ಹೇಳಲಿಲ್ಲ. ಮನೆಗೆ ಬಂದು ಹೇಳಿದಾಗ ಅವ್ವ ಹಣೆ ಬಡಿದುಕೊಂಡಳು.

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿ ಬಂದ್ರಂತ ಅಪ್ಪಾ ಮಗಳು! ಬ್ಯಾರೆದವರ ಕೂಸಿಗೆ, ಅದೂ!”

ಕೆಲವು ದಿನ ಕಳೆದವು. ಒಂದು ಸಂಜೆ ನಾನು ಗೋಡೆಯ ಬಳಿ ನನ್ನ ಎಂದಿನ ಜಾಗದಲ್ಲಿ ನಿಂತಿದ್ದೆ. ಮೂಡಲಗಿಗೆ ಹೋಗಿದ್ದ ಕಾಕಾನ ಜೀಪು ತಿರುವಿನಲ್ಲಿ ಕಾಣಿಸಿತು. ಕಂಡದ್ದು ಜೀಪಲ್ಲ, ಅದರ ನೆತ್ತಿ. ಖಾಕಿ ಹುಡ್, ಕೆಂಪು ಅಂಚು. ಎಲ್ಲಿಯೂ ಸುಕ್ಕಿಲ್ಲ, ಎಲ್ಲಿಯೂ ಜಗ್ಗಿಲ್ಲ. ಜೀಪು ಅಂಗಳಕ್ಕೆ ತಿರುಗಿದಾಗ ಹಿಂದಿನ ದುಂಡು ಕಿಟಕಿಯಿಂದ ಶೋಭಾ ನನ್ನನ್ನು ನೋಡಿ ಕೈಯಾಡಿಸಿದಳು. ನನ್ನ ಕಿಟಕಿಯಿಂದ. ನಾನು ಕಿರುಚಿದ್ದು ಕೇಳಿ ಒಲೆಯ ಮುಂದಿದ್ದ ಅವ್ವ, ಹಾವೇನಾದರೂ ಕಡಿಯಿತೇ ಎಂದು ಓಡಿ ಬಂದಳು. ದಸ್ತಗೀರ ಮಾಮಾ ಮಾಡಿದ್ದಿಷ್ಟೇ. ಜೀಪು ಮನೆಯಲ್ಲಿದೆ ಎಂದು ಅಣ್ಣ ಹೇಳಿದ್ದ, ಅದೇ ಮನೆಯ ತಮ್ಮ ಅದೇ ಜೀಪು ತಂದು ಅಂಗಡಿ ಮುಂದೆ ನಿಲ್ಲಿಸಿದ್ದ. ಬಂದದ್ದು ಚಲೋ ಆಯಿತೆಂದು, ಹೊಲಿದಿಟ್ಟಿದ್ದನ್ನು ಎಳೆದು ಗುಂಡಿ ಹಾಕಿದ್ದ.

ಅಪ್ಪ ಎಷ್ಟೋ ದಿನದ ಮೇಲೆ ಗೋಡೆಯ ಬಳಿ ಬಂದು ನಿಂತ.

“ಈರಾ, ಆ ಹುಡ್ ನಂದು.”

“ಗೊತ್ತೈತಿ. ದಸ್ತಗೀರಣ್ಣ ಹೇಳಿದ,” ಎಂದ ಕಾಕಾ. “ಎಳದ ಕೂಡ್ಲೆ ಕುಂತ ಬಿಟ್ಟಿತು ನೋಡಣ್ಣಾ. ಗಾಡಿ ಮುಟ್ಟಲಾರದ ಹೆಂಗ ಅಳತಿ ಕೊಟ್ಟಿ?”

“ಬಿಚ್ಚು.”

“ಬಿಚ್ಚತೀನಿ. ಬಿಚ್ಚಿ ಕೊಟ್ರ ನೀ ಎದಕ್ಕ ಹಾಕ್ತಿ ಹೇಳು.”

ಆಯಿ ನಮ್ಮ ಕಡೆಯ ಹಲಗೆಯ ಮೇಲೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದ್ದಳು. ಕಾಕಾ ಗೋಡೆಗೆ ಹತ್ತಿರ ಬಂದ.

“ನಾ ಜೀಪ ಯಾಕ ಆರಿಸಿದೆ ಅಂತ ಒಂದ ದಿನಾನೂ ಕೇಳಲಿಲ್ಲ ನೀ. ಎತ್ತ ತಗೊಂಡಿದ್ರ ನೀ ಜೀಪ ಹತ್ತಿ ನಿನ್ನ ದಾರಿ ಹಿಡೀತಿದ್ದಿ, ನನ್ನ ಕಡೆ ಹೊಳ್ಳಿ ನೋಡತಿರಲಿಲ್ಲ. ಜೀಪ ನನ್ನ ಅಂಗಳದಾಗಿದ್ರ ಅದನ್ನ ಬಿಟ್ಟ ಇರಾಕ ಆಗಂಗಿಲ್ಲ, ದಿನಾ ಬರತಿ ಅಂತ ತಿಳಕೊಂಡೆ. ನೀ ನೋಡಿದ್ರ ಗ್ವಾಡಿ ಕಟ್ಟಿದಿ. ನಾ ಗ್ವಾಡಿ ಬಾಜೂಕ ಕುಂತ ತಪ್ಪ ತಪ್ಪ ತೂತ ಹೊಡದೆ. ಬೈಯಾಕರ ಬರತಿ ಅಂತ.”

ಅದರಲ್ಲಿ ಎಷ್ಟು ಖರೆ, ಎಷ್ಟು ಆ ಹೊತ್ತಿಗೆ ಹೊಳೆದದ್ದು, ನಾನು ಇಂದಿಗೂ ಹೇಳಲಾರೆ. ಕಾಕಾ ಸರಿಯಾಗಿ ತೂತು ಹೊಡೆದದ್ದನ್ನು ಆಮೇಲೂ ನಾನು ಕಂಡಿಲ್ಲ. ಅವ್ವನಂತೂ ಒಂದಕ್ಷರ ನಂಬಲಿಲ್ಲ. ಅಪ್ಪ ತಮ್ಮನ ಮುಖ ನೋಡಲಿಲ್ಲ, ಜೀಪನ್ನು ನೋಡಿದ.

“ಎಡಗಡೆ ಮಡ್‌ಗಾರ್ಡ್ ಸೊಟ್ಟ ಕುಂತೈತಿ,” ಎಂದ.

“ಹೂಂ.”

“ಬಂಪರ್ ನಟ್ಟಿಗೆ ತುಕ್ಕ ಹಿಡದೈತಿ. ಒಣಾ ಪಾನಾ ಹಚ್ಚಬ್ಯಾಡ, ಮುರೀತೈತಿ. ಮೊದಲ ಸೀಮಿಎಣ್ಣಿ ಬಿಡು.”

“ನೀನ ಬಂದ ಬಿಡಣ್ಣಾ.”

ಬೀದಿಯ ಕಡೆಯಿಂದ ಸುತ್ತಿ ಹೋಗಬಹುದಿತ್ತು. ಅಪ್ಪ ಧೋತರ ಎತ್ತಿ ಕಟ್ಟಿ, ಗೋಡೆಯ ಮೇಲೆ ಎರಡೂ ಅಂಗೈ ಊರಿ ಆಚೆ ಜಿಗಿದ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆ ರಾತ್ರಿ ಅಪ್ಪ ಉಂಡದ್ದು ಅಲ್ಲಿಯೇ.

ಮರುದಿನ ಮುಂಜಾನೆ ಬಂಪರು ಪಡಸಾಲೆಯ ಗೋಡೆಯಿಂದ ಇಳಿಯಿತು. ಅದು ಇದ್ದಲ್ಲಿ ಹೊಗೆ ಹಿಡಿದ ಸುಣ್ಣದ ಮೇಲೆ ಬಿಳಿಯ ಗುರುತೊಂದು ಉಳಿಯಿತು. ಕ್ಯಾರಿಯರ್ ಆಗಲೇ ದಾಟಿ ಹೋಗಿತ್ತು. ಆಯಿ ಹಲಗೆ ಬಿಟ್ಟುಕೊಟ್ಟು ನೆಲದ ಮೇಲೆ ಕೂತಿದ್ದಳು. ಎಲ್ಲರ ಮುಖವೂ ಹಬ್ಬದಂತಿತ್ತು, ಅವ್ವ ಕೂಡ ಹೋಳಿಗೆಗೆ ಕಡಲೆಬೇಳೆ ನೆನೆಹಾಕಿದ್ದಳು. ಬಂಪರನ್ನು ಅವ್ವ ಮತ್ತು ನಾನು ಎತ್ತಿ ಅಂಗಳದ ಗೋಡೆಯ ಮೇಲೆ ಇಟ್ಟೆವು. ಅವ್ವ ಒಲೆಯ ಕಡೆ ಹೋದಳು, ನಾನು ನನ್ನ ತುದಿ ಹಿಡಿದು ನಿಂತೆ. ಆಚೆ ಅಪ್ಪ ಜೀಪಿನ ಮುಂದೆ ಮೊಣಕಾಲೂರಿ ಕೂತಿದ್ದ, ಕೈಯೆಲ್ಲ ಗ್ರೀಸು.

“ಶೋಭಾ, ಬಾ ಯವ್ವಾ, ಆ ಕಡೆ ತುದಿ ಹಿಡಿ,” ಎಂದ.

“ಹಿಂಗೇನ ದೊಡ್ಡಪ್ಪಾ?”

“ಹೆಬ್ಬಟ್ಟ ಹೊರಗಿರಲಿ. ಹೆಬ್ಬಟ್ಟ ಒಳಗ ಸಿಕ್ಕರ ಹೋತು. ಹಾಂ, ಹಂಗ. ಶಾಣ್ಯಾಕಿ ನನ್ನವ್ವ.”

ಅಪ್ಪನಲ್ಲಿ ಆ ದನಿ ಇನ್ನೊಬ್ಬರಿಗೂ ಇದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ದಿನ ಜೀಪಿಗಾಗಿ ಹೊಟ್ಟೆ ಉರಿಯುತ್ತಿದೆ ಎಂದುಕೊಂಡಿದ್ದೆ. ಜೀಪು ಅವಳದು, ಅಪ್ಪ ನನ್ನವನು. ನಾನು ಎಷ್ಟೇ ಕಿರುಚಿದರೂ ಪಾಲು ಸರಿಯಾಗಿಯೇ ಇತ್ತು. ಈಗ ಎರಡು ಪಾಲೂ ಗೋಡೆಯ ಆಚೆ ನಿಂತಿದ್ದವು, ಸಂಜೆಗಳೂ ಆ ಕಡೆಗೇ ಹೋಗುತ್ತಿದ್ದವು. ಯಾರೂ ತಪ್ಪು ಮಾಡಿರಲಿಲ್ಲ, ಬೈಯಲು ಒಬ್ಬರೂ ಸಿಗಲಿಲ್ಲ. ಶೋಭಾ ಆ ತುದಿ ಹಿಡಿದು, ಹೆಬ್ಬೆರಳು ಹೊರಗಿಟ್ಟು, ನನ್ನತ್ತ ನಕ್ಕು ಜಗ್ಗಿದಳು.

“ಬಿಡು ಮಾದೇವಿ, ಬಂತು ಈ ಕಡೆ,” ಎಂದ ಅಪ್ಪ, ತಲೆ ಎತ್ತದೆ.

ನಾನು ಬಿಡಲಿಲ್ಲ.